ಮನೆಯ ರೂಟರ್‌ನಲ್ಲಿ ವೈಫೈ ಆಫ್ ಮಾಡಿದ ನನ್ನ ಅನುಭವ

ನಾನು ಕೆಲಸ ಮಾಡುವ ಕಂಪ್ಯೂಟರ್, ಟಿವಿ ಮತ್ತು ಕಡತಗಳ ಬ್ಯಾಕಪ್ ಇಡುವ ಸಣ್ಣ ಸರ್ವರ್ ಇಟ್ಟ ಜಾಗದಿಂದ ಕದಲುವುದೇ ಇಲ್ಲ. ಕದಲದ ಸಾಧನಗಳಿಗಾಗಿ ಗೋಡೆಯಾಚೆಗೂ ಹಗಲಿರುಳು ಸಂಕೇತ ಹರಡುವ ರೇಡಿಯೊ ಏಕೆ ಬೇಕೆಂಬ ಪ್ರಶ್ನೆಗೆ ಸಮರ್ಪಕ ಉತ್ತರ ಸಿಗದಿದ್ದಾಗ, ಎಲ್ಲವನ್ನೂ ಕೇಬಲ್‌ಗೆ ಜೋಡಿಸಿ ವೈಫೈ ನಿಲ್ಲಿಸಲು ನಿರ್ಧರಿಸಿದೆ.

ಈ ನಿರ್ಧಾರದ ಹಿಂದೆ ತಾಂತ್ರಿಕ ಕಾರಣಗಳಿವೆ. ವೈಫೈ ಸಂಪರ್ಕವನ್ನು ಕಾಯುವ ಡಬ್ಲ್ಯೂಪಿಎ2 ಎಂಬ ಭದ್ರತಾ ವಿಧಾನ ಬಳಸುವ ಮನೆಗಳಲ್ಲಿ ಸಾಧನವೊಂದು ವೈಫೈಗೆ ಸೇರುವಾಗ ನಡೆಯುವ ನಾಲ್ಕು ಸಂದೇಶಗಳ ವಿನಿಮಯವನ್ನು ಸಮೀಪದಲ್ಲಿರುವ ಯಾರು ಬೇಕಾದರೂ ಸೆರೆಹಿಡಿದು, ಬೇರೆಲ್ಲೋ ಕುಳಿತು ತಮ್ಮ ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದರಂತೆ ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಬಹುದು. ಇದರ ಸುಳಿವು ರೂಟರ್‌ಗೆ ಸಿಗುವುದಿಲ್ಲ. ಪಾಸ್‌ವರ್ಡ್ ಬದಲು ಪಿನ್ ಬಳಸಿ ಸಾಧನಗಳನ್ನು ಸುಲಭವಾಗಿ ಸೇರಿಸುವ ಡಬ್ಲ್ಯೂಪಿಎಸ್ ಸೌಲಭ್ಯ ಇದಕ್ಕಿಂತ ದುರ್ಬಲ. ಅದರ ಪಿನ್‌ನಲ್ಲಿ 8 ಅಂಕಿಗಳಿದ್ದರೂ ರೂಟರ್ ಅದನ್ನು ಎರಡು ಭಾಗಗಳಾಗಿ ಪರಿಶೀಲಿಸುವುದರಿಂದ ಮತ್ತು ಕೊನೆಯ ಅಂಕಿಯನ್ನು ಉಳಿದವುಗಳಿಂದ ಲೆಕ್ಕಹಾಕಬಹುದಾದ್ದರಿಂದ, ಹೆಚ್ಚೆಂದರೆ 11,000 ಪ್ರಯತ್ನಗಳು ಸಾಕೆಂಬುದು 2011ರಲ್ಲೇ ಬಹಿರಂಗವಾಯಿತು. 2017ರಲ್ಲಿ ಭದ್ರತಾ ಸಂಶೋಧಕ ಮ್ಯಾಥಿ ವ್ಯಾನ್‌ಹೂಫ್ ಬಯಲಿಗೆಳೆದ ಕ್ರ್ಯಾಕ್ ಎಂಬ ದೋಷವು ಡಬ್ಲ್ಯೂಪಿಎ2ರ ಗೂಢಲಿಪಿ ಕೀ ವಿನಿಮಯದ ವಿಧಾನದಲ್ಲೇ ಇತ್ತು. 2018ರಲ್ಲಿ ಬಂದ, ಅದರ ಮುಂದಿನ ಆವೃತ್ತಿಯಾದ ಡಬ್ಲ್ಯೂಪಿಎ3 ಪಾಸ್‌ವರ್ಡ್ ಊಹಿಸುವ ದಾಳಿಯನ್ನು ಬಹುಮಟ್ಟಿಗೆ ತಡೆಯುತ್ತದೆಯಾದರೂ ಹಳೆಯ ಸಾಧನಗಳು ಅದನ್ನು ಅರಿಯವು. ರೇಡಿಯೊ ಇಲ್ಲದ ಕಡೆ ಈ ಯಾವ ದಾಳಿಗೂ ಆಸ್ಪದವಿಲ್ಲ.

ಮೊದಲು ಎಲ್ಲ ಸಾಧನಗಳಿಗೂ ಕ್ಯಾಟ್ 5ಇ ಎಂಬ ಬಗೆಯ ನೆಟ್‌ವರ್ಕ್ ಕೇಬಲ್ ಎಳೆದೆ. 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗ ಕೊಡುವ ಈ ಕೇಬಲ್ ಮನೆಗೆ ಧಾರಾಳವಾಗಿ ಸಾಕು. ರೂಟರ್‌ನಲ್ಲಿ ಪೋರ್ಟ್‌ಗಳು ಸಾಲದ ಕಾರಣ, ಹೆಚ್ಚಿನ ಕೇಬಲ್ ಪೋರ್ಟ್‌ಗಳನ್ನು ಒದಗಿಸುವ ಸ್ವಿಚ್ ಎಂಬ ಪೆಟ್ಟಿಗೆಯೊಂದನ್ನು ಸೇರಿಸಿದೆ. ರೂಟರ್‌ನ ಆಡಳಿತ ಪುಟವನ್ನು ಕೇಬಲ್ ಮೂಲಕ ಜೋಡಿಸಿದ ಕಂಪ್ಯೂಟರಿನಿಂದಲೇ ತೆರೆಯಬೇಕು. ವೈಫೈ ಮೂಲಕ ಒಳಹೊಕ್ಕು ವೈಫೈಯನ್ನೇ ನಿಲ್ಲಿಸಿದರೆ ಮುಂದಿನ ಬದಲಾವಣೆಗೆ ದಾರಿ ಇರುವುದಿಲ್ಲ. ಅಲ್ಲಿ ಮೊದಲು ಡಬ್ಲ್ಯೂಪಿಎಸ್, ನಂತರ ಅತಿಥಿಗಳಿಗೆಂದು ಇರುವ ಗೆಸ್ಟ್ ನೆಟ್‌ವರ್ಕ್, ಕೊನೆಗೆ 2.4 ಮತ್ತು 5 ಗಿಗಾಹರ್ಟ್ಸ್ ರೇಡಿಯೊಗಳನ್ನು ನಿಲ್ಲಿಸಿ ಸೇವ್ ಮಾಡಿದೆ. ಅನೇಕ ರೂಟರ್‌ಗಳಲ್ಲಿ ಈ ಎರಡು ರೇಡಿಯೊಗಳಿಗೆ ಪ್ರತ್ಯೇಕ ಆಯ್ಕೆಗಳಿರುತ್ತವೆ, ಒಂದನ್ನು ಆಫ್ ಮಾಡಿದರೆ ಇನ್ನೊಂದು ಹಾಗೆಯೇ ಚಾಲ್ತಿಯಲ್ಲಿರುತ್ತದೆ. ನೆಟ್‌ವರ್ಕ್‌ನ ಹೆಸರನ್ನು ಮರೆಮಾಡುವ ಆಯ್ಕೆಯನ್ನು ಇದಕ್ಕೆ ಬದಲಿಯೆಂದು ಭಾವಿಸಬಾರದು, ಏಕೆಂದರೆ ಆಗಲೂ ಸಂಕೇತ ಹೊರಡುತ್ತಲೇ ಇರುತ್ತದೆ.

ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ನಾನು ನಂಬುವುದಿಲ್ಲ. ರೂಟರ್ ರೀಸ್ಟಾರ್ಟ್ ಮಾಡಿ, ಫೋನಿನಲ್ಲಿ ಸುತ್ತಲಿನ ವೈಫೈ ಸಂಕೇತಗಳನ್ನು ತೋರಿಸುವ ವೈಫೈ ಅನಲೈಸರ್ ಆ್ಯಪ್ ತೆರೆದು, ಮೊದಲೇ ಬರೆದಿಟ್ಟುಕೊಂಡಿದ್ದ ರೂಟರ್‌ನ ಮ್ಯಾಕ್ ವಿಳಾಸಗಳು (ರೇಡಿಯೊಗಳ ಗುರುತಿನ ಸಂಖ್ಯೆಗಳು) ಎಲ್ಲಿಯೂ ಕಾಣದಿರುವುದನ್ನು ಖಚಿತಪಡಿಸಿಕೊಂಡೆ. ಈ ಪರಿಶೀಲನೆಯಲ್ಲಿ ಪ್ರಿಂಟರ್ ರೂಟರ್ ಇಲ್ಲದೆಯೇ ನೇರವಾಗಿ ಜೋಡಿಸಲು ಬಳಸುವ ತನ್ನದೇ ವೈಫೈ ಡೈರೆಕ್ಟ್ ಸಂಕೇತ ಹರಡುತ್ತಿರುವುದು ಕಂಡುಬಂತು, ಅದನ್ನೂ ನಿಲ್ಲಿಸಿದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ವೈಫೈ ಸಾಮಾನ್ಯವಾಗಿ ಮತ್ತೆ ಆನ್ ಆಗುತ್ತದೆ, ಫರ್ಮ್‌ವೇರ್ (ರೂಟರ್‌ನೊಳಗಿನ ತಂತ್ರಾಂಶ) ಅಪ್‌ಡೇಟ್‌ನ ನಂತರವೂ ಹಾಗಾಗುವ ಸಾಧ್ಯತೆಯಿದೆ. ಆದ್ದರಿಂದ ಎರಡೂ ಸಂದರ್ಭಗಳಲ್ಲಿ ಇದೇ ಪರೀಕ್ಷೆಯನ್ನು ಪುನಃ ಮಾಡುತ್ತೇನೆ.

ವೈಫೈ ನಿಲ್ಲಿಸುವುದರಿಂದ ಸಮೀಪದಿಂದ ಬರುವ ಅಪಾಯ ಮಾತ್ರ ತಪ್ಪುತ್ತದೆ, ಇಂಟರ್ನೆಟ್ ಕಡೆಯಿಂದ ಬರುವುದು ತಪ್ಪುವುದಿಲ್ಲ. ಆದ್ದರಿಂದ ಆಡಳಿತ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ರೂಟರ್ ನಿರ್ವಹಿಸುವ ಸೌಲಭ್ಯವನ್ನೂ, ಮನೆಯ ಸಾಧನಗಳು ಕೇಳದೆಯೇ ಇಂಟರ್ನೆಟ್‌ಗೆ ದಾರಿ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿಯನ್ನೂ ಆಫ್ ಮಾಡಿ, ಫರ್ಮ್‌ವೇರ್ ನವೀಕರಿಸಿದೆ. ನನ್ನ ದೃಷ್ಟಿಯಲ್ಲಿ ಈ ಕೆಲಸಗಳು ವೈಫೈ ನಿಲ್ಲಿಸುವುದಕ್ಕಿಂತಲೂ ಮುಖ್ಯವಾದವು.

ಫೋನುಗಳಿಗೆ ಮೊಬೈಲ್ ಡೇಟಾ ಬಳಸುತ್ತೇವೆ. ದೊಡ್ಡ ಕಡತ ಇಳಿಸಿಕೊಳ್ಳಬೇಕಾದಾಗ ಯುಎಸ್‌ಬಿ-ಸಿ ಈಥರ್ನೆಟ್ ಅಡಾಪ್ಟರ್ ಚುಚ್ಚುತ್ತೇವೆ. ಇಷ್ಟು ಹೊಂದಾಣಿಕೆ ಎಲ್ಲ ಮನೆಗಳಿಗೂ ಒಗ್ಗದು. ಅಂಥವರು ರೂಟರ್‌ನ ವೇಳಾಪಟ್ಟಿ ಸೌಲಭ್ಯ ಬಳಸಿ ರಾತ್ರಿ ಮಾತ್ರ ರೇಡಿಯೊ ನಿಲ್ಲಿಸಬಹುದು. ಹಗಲಿನ ಬಳಕೆಗೆ ಡಬ್ಲ್ಯೂಪಿಎ3 ಆರಿಸಿಕೊಳ್ಳಲಿ, ಅದು ಇಲ್ಲದಿದ್ದರೆ ಡಬ್ಲ್ಯೂಪಿಎ2ಕ್ಕೆ ಕನಿಷ್ಠ ಮಿತಿಯಾದ 8 ಅಕ್ಷರಗಳಲ್ಲಿ ತೃಪ್ತರಾಗದೆ, 20ಕ್ಕೂ ಹೆಚ್ಚು ಅಕ್ಷರಗಳ, ಊಹೆಗೆ ನಿಲುಕದ ಪಾಸ್‌ವರ್ಡ್ ಇಟ್ಟುಕೊಳ್ಳಲಿ.