ಪಿಕಪ್‌ನ ಹಿಂದಿನ ಹಬ್ ಸೀಲ್: ಮತ್ತೆ ಮತ್ತೆ ಸೋರದಂತೆ ಕೂರಿಸುವುದು ಹೇಗೆ?

ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಹೊತ್ತು ಬರುವ ಪಿಕಪ್‌ಗಳ ಹಿಂದಿನ ಗಾಲಿಯನ್ನು ಒಳಬದಿಯಿಂದ ನೋಡಿ. ಎಷ್ಟೋ ಗಾಡಿಗಳಲ್ಲಿ ಕಪ್ಪು ಜಿಡ್ಡು, ಅದರ ಮೇಲೆ ಧೂಳು ಮೆತ್ತಿರುತ್ತದೆ. ಗಾಲಿ ನಡುವಿನ ಹಬ್ಬಿನಿಂದ ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆಯೇ ಸೀಲ್. ಅದನ್ನು ಬದಲಿಸುತ್ತಾರೆ, ತಿಂಗಳೊಳಗೆ ಮತ್ತೆ ಸೋರುತ್ತದೆ. ನನ್ನ ಗಾಡಿಯದೂ ಇದೇ ಕತೆ. ಎರಡನೇ ಸಲ ಬಿಚ್ಚಿದಾಗ ಹೊಸ ಸೀಲ್ ಒಂದು ಬದಿಗೆ ಓರೆಯಾಗಿ ಕೂತಿತ್ತು.

ಮೊದಲು ಸೋರುತ್ತಿರುವುದು ಏನು ಅಂತ ನೋಡಿ. ಗೇರ್ ಆಯಿಲ್ ದಪ್ಪ, ಗಂಧಕದ ಘಾಟು ಇರುತ್ತದೆ. ತೆಳ್ಳಗಿದ್ದರೆ ಬ್ರೇಕ್ ಆಯಿಲ್, ಅದು ಗಾಲಿಯೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ಸೋರಿಕೆ, ಸೀಲಿನದಲ್ಲ.

ಆಮೇಲೆ ಆಕ್ಸಲ್ ಹೌಸಿಂಗ್ (ಹಿಂದಿನ ಎರಡು ಗಾಲಿಗಳ ನಡುವಿನ ಕವಚ) ಮೇಲಿನ ಬ್ರೀದರ್, ಅಂದರೆ ಗಾಳಿ ಹೊರಹೋಗುವ ಕಿಂಡಿಯನ್ನು ಬಿಚ್ಚಿ ತೊಳೆಯಿರಿ. ಇದನ್ನು ಯಾರೂ ನೋಡುವುದೇ ಇಲ್ಲ. ನರಗುಂದ, ರೋಣದ ಎರೆಮಣ್ಣಿನಲ್ಲಿ ಓಡಾಡುವ ಗಾಡಿಗಳಲ್ಲಿ ಅದು ಮಣ್ಣಿನಿಂದ ಮುಚ್ಚಿಹೋಗುತ್ತದೆ. ಆಕ್ಸಲ್ ಬಿಸಿಯಾದಾಗ ಒಳಗಿನ ಗಾಳಿಗೆ ದಾರಿ ಸಿಗದೆ ಆಯಿಲನ್ನು ಸೀಲ್ ಕಡೆ ತಳ್ಳುತ್ತದೆ.

ಮುಂದಿನ ಗಾಲಿಗಳಿಗೆ ಅಡ್ಡ ಕೊಡಿ, ಹ್ಯಾಂಡ್ ಬ್ರೇಕ್ ಬಿಡಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಇಟ್ಟಿಗೆ ಪೇರಿಸಿ ಅದರ ಕೆಳಗೆ ನುಗ್ಗಬೇಡಿ. ಹಬ್ ಮಧ್ಯದ ಬೋಲ್ಟ್‌ಗಳನ್ನು ಬಿಚ್ಚಿ, ಗಾಲಿ ತಿರುಗಿಸುವ ಶಾಫ್ಟ್ ಹೊರಗೆಳೆಯಿರಿ. ಆಯಿಲ್ ಸುರಿಯುತ್ತದೆ, ಕೆಳಗೆ ತಟ್ಟೆ ಇಡಿ. ಲಾಕ್ ವಾಷರ್, ನಟ್, ಹಬ್, ಹಳೇ ಸೀಲ್ ತೆಗೆಯಿರಿ. ಹಬ್ ಮಧ್ಯೆ ಇಂಥ ಬೋಲ್ಟ್ ಇಲ್ಲದ ಗಾಡಿಗಳಲ್ಲಿ ಬೇರಿಂಗ್ ಶಾಫ್ಟಿನ ಮೇಲೇ ಇರುತ್ತದೆ. ಅದಕ್ಕೆ ಪ್ರೆಸ್ ಬೇಕು, ಗ್ಯಾರೇಜಿಗೇ ಕೊಡಿ.

ಈಗ ನಿಧಾನವಾಗಿ ಮಾಡಬೇಕಾದ ಕೆಲಸ. ಸೀಲಿನ ತುಟಿ (ಒಳಗಿನ ರಬ್ಬರ್ ಅಂಚು) ಉಜ್ಜುವ ಜಾಗವನ್ನು ಒರೆಸಿ, ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ ಅಂತ ಅರ್ಥ. ಅದರ ಮೇಲೆ ಎಷ್ಟು ಒಳ್ಳೆ ಸೀಲ್ ಹಾಕಿದರೂ ಸೋರುತ್ತದೆ. ಗೀರಿನ ಮೇಲೆ ತೆಳ್ಳನೆ ಸ್ಲೀವ್, ಅಂದರೆ ಲೋಹದ ಬಳೆ, ಹಾಕಿಸಿ. ಮುಂದೆ, ಒಳಬೇರಿಂಗ್ ಇಟ್ಟ ಮೇಲೇ ಸೀಲ್ ಕೂರಿಸಬೇಕು. ಬೇರಿಂಗ್ ಮರೆತು ಸೀಲ್ ಹೊಡೆದು, ಮತ್ತೆ ಕಿತ್ತು ಹಾಳು ಮಾಡಿದವರನ್ನು ಕಂಡಿದ್ದೇನೆ. ಸ್ಪ್ರಿಂಗ್ ಇರುವ ಬದಿ ಬೇರಿಂಗ್ ಕಡೆಗೆ ಇರಲಿ. ತುಟಿಗೆ ಸ್ವಲ್ಪ ಗ್ರೀಸ್ ಸವರಿ. ಒಣ ಸೀಲ್ ಮೊದಲ ಸುತ್ತಿಗೇ ಸವೆಯುತ್ತದೆ. ಇಡೀ ಸೀಲ್ ಮುಚ್ಚುವಷ್ಟು ದಪ್ಪ ಮರದ ಹಲಗೆ ಇಟ್ಟು ಸುತ್ತಲೂ ಸಮವಾಗಿ ತಟ್ಟಿ. ಸ್ಕ್ರೂಡ್ರೈವರ್ ಇಟ್ಟು ಹೊಡೆಯುವುದು ಖಂಡಿತ ಬೇಡ. ಅಂಚು ಬಾಗಿದರೆ ಬಿಸಾಕಿ, ಹೊಸದು ತನ್ನಿ. ಸೀಲ್ ಕೊಳ್ಳುವಾಗ ಹಳೆಯದರ ನಂಬರ್ ಹೊಂದಿಸಿ. ಹೆಸರಿಲ್ಲದ ಅಗ್ಗದ ಮಾಲಿಗೆ ಇಷ್ಟು ಬಿಚ್ಚುವ ಕಷ್ಟ ಪಡುವುದು ಸುಮ್ನೆ ದಂಡ, ಅಲ್ವಾ?

ಹಬ್ಬನ್ನು ವಾಪಸ್ ಏರಿಸುವಾಗ ಇಬ್ಬರು ಹಿಡಿಯಿರಿ. ಭಾರವೆಲ್ಲ ಸೀಲ್ ಮೇಲೆ ಬಿದ್ದರೆ ತುಟಿ ಹರಿಯುತ್ತದೆ.

ಆಯಿಲ್ ಕುಡಿದ ಬ್ರೇಕ್ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಹೊರಬರುತ್ತದೆ, ಬ್ರೇಕ್ ಒತ್ತಿದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಎರಡೂ ಬದಿ ಹೊಸದು ಹಾಕಿ.

ಹಬ್ ತಿರುಗಿಸುತ್ತಾ ನಟ್ ಬಿಗಿಮಾಡಿ, ಕೊನೆಗೆ ಎಷ್ಟು ಸಡಿಲಿಸಬೇಕು ಎಂಬುದನ್ನು ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ನೋಡಿ ಮಾಡಿ. ಲಾಕ್ ವಾಷರ್, ಶಾಫ್ಟಿನ ಪ್ಯಾಕಿಂಗ್ ಹೊಸದಿರಲಿ. ಆಯಿಲ್ ತುಂಬುವ ತೂತಿನ ಅಂಚಿನವರೆಗೆ ಸಾಕು, ಜಾಸ್ತಿ ಬೇಡ. ಹತ್ತು ಕಿಲೋಮೀಟರ್ ಓಡಿಸಿ, ಎರಡೂ ಹಬ್ಬಿನ ಬಿಸಿ ಹೋಲಿಸಿ. ಮರುದಿನ ಬೆಳಿಗ್ಗೆ ಗಾಲಿಯ ಒಳಬದಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ.