ಬ್ರೇಕ್‌ಡೌನ್ ಅಂದರೆ ಯಾವುದರ ಬ್ರೇಕ್‌ಡೌನ್?

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಲಧಿಕಾರಿಯಿಂದ ಒಂದೇ ಸಾಲಿನ ಮೇಲ್ ಬಂತು: ಸಂಜೆಯೊಳಗೆ ಬ್ರೇಕ್‌ಡೌನ್ ಕಳಿಸಿ. ನಾನಿದ್ದದ್ದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ. ಯಾವ ಮೆಷಿನ್ ಯಾವತ್ತು ಕೆಟ್ಟಿತು, ಎಷ್ಟು ಹೊತ್ತು ನಿಂತಿತು ಅಂತ ಎರಡು ಪುಟ ತುಂಬಾ ಬರೆದು ಕಳಿಸಿದೆ. ಅವರಿಗೆ ಬೇಕಿದ್ದದ್ದು ರಿಪೇರಿ ಖರ್ಚಿನ ಬ್ರೇಕ್‌ಡೌನ್. ಬಿಡಿಭಾಗಕ್ಕೆಷ್ಟು, ಕೂಲಿಗೆಷ್ಟು, ಸಾಗಣೆಗೆಷ್ಟು ಅಂತ.

ಅಲ್ಲಿಂದೀಚೆಗೆ ಈ ಪದ ಕಂಡರೆ ಮೊದಲು ‘ಯಾವುದರದ್ದು?’ ಅಂತ ಕೇಳಿಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ. ಖರ್ಚು, ಅಂಕ, ಮತ, ಹೀಗೆ ಎಣಿಸುವಂಥದ್ದಾದರೆ ಅದು ಬಿಡಿಸಿ ತೋರಿಸಿದ ಲೆಕ್ಕ. ‘ಬೈ ಏಜ್’ ಅಂತ ಸೇರಿಸಿದ್ದರೆ ವಯಸ್ಸಿನ ಪ್ರಕಾರ ಬಿಡಿಸಿದ್ದು. ಕಾರು, ಪಂಪು ಆದರೆ ಕೆಟ್ಟು ನಿಂತದ್ದು. ಮಾತುಕತೆ, ಮದುವೆ ಆದರೆ ಮುರಿದು ಬಿದ್ದದ್ದು.

ಇನ್ನು ಬರವಣಿಗೆ. ನಾಮಪದವಾದರೆ ಕೂಡಿಸಿ ಬರೆಯಬೇಕು, ಕ್ರಿಯಾಪದವಾದರೆ ನಡುವೆ ಜಾಗ ಬಿಡಬೇಕು. ‘ಕಾರ್ ಬ್ರೇಕ್‌ಡೌನ್ಡ್’ ಅಂತ ಬರೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದು ‘ಬ್ರೋಕ್ ಡೌನ್’ ಆಗಬೇಕು. ಮಾತಿನಲ್ಲೂ ವ್ಯತ್ಯಾಸ ಕೇಳುತ್ತದೆ: ನಾಮಪದದಲ್ಲಿ ಒತ್ತು ‘ಬ್ರೇಕ್’ ಮೇಲೆ, ಕ್ರಿಯಾಪದದಲ್ಲಿ ಸಾಮಾನ್ಯವಾಗಿ ‘ಡೌನ್’ ಮೇಲೆ.

ಕ್ರಿಯಾಪದದಲ್ಲಿ ಜಾಸ್ತಿ ಎಡವುವುದು ಕರ್ಮಪದದ ಹತ್ತಿರ. ‘ಬ್ರೇಕ್ ಡೌನ್ ದ ಡೋರ್’ ಅಂದರೆ ಬಾಗಿಲು ಒಡೆದು ಬೀಳಿಸು. ‘ಬ್ರೇಕ್ ಇಟ್ ಡೌನ್ ಫಾರ್ ಮಿ’ ಅಂದರೆ ನನಗೆ ಬಿಡಿಸಿ ಹೇಳು, ಅಷ್ಟೇ, ಯಾವುದನ್ನೂ ಒಡೆಯಬೇಕಿಲ್ಲ. ಗಮನಿಸಿ, ‘ಇಟ್’ ಥರದ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು. ‘ಬ್ರೇಕ್ ಡೌನ್ ಇಟ್’ ತಪ್ಪು. ಕರ್ಮಪದವೇ ಇಲ್ಲದೆ ‘ಶಿ ಬ್ರೋಕ್ ಡೌನ್’ ಅಂದರೆ ಅವಳು ತಡೆಯಲಾರದೆ ಅತ್ತುಬಿಟ್ಟಳು. ಇದನ್ನು ‘ನರ್ವಸ್ ಬ್ರೇಕ್‌ಡೌನ್’ ಜೊತೆ ಬೆರೆಸಬೇಡಿ. ಮನಸ್ಸು ತೀರಾ ಕುಸಿದು ದಿನದ ಕೆಲಸವೂ ಆಗದ ಸ್ಥಿತಿಗೆ ಜನ ಹಾಗನ್ನುತ್ತಾರೆ. ಅದು ಆಡುಮಾತು, ವೈದ್ಯರು ಬರೆಯುವ ಕಾಯಿಲೆಯ ಹೆಸರಲ್ಲ.

ವಿಜ್ಞಾನದ ಪಾಠದಲ್ಲಿ ಸಿಕ್ಕರೆ ಸುಮ್ನೆ ‘ಹಾಳಾಯಿತು’ ಅಂತ ಅನುವಾದಿಸಬೇಡಿ. ಜೊಲ್ಲು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೂ ಬ್ರೇಕ್‌ಡೌನೇ. ಕರೆಂಟಿನವರಿಗೆ ಇದು ಬೇರೆಯೇ: ಒಣ ಗಾಳಿ ಒಂದು ಮಿಲಿಮೀಟರಿಗೆ ಸುಮಾರು 3,000 ವೋಲ್ಟ್‌ವರೆಗೆ ತಡೆದುಕೊಳ್ಳುತ್ತದೆ. ಅದು ಮೀರಿದರೆ ಕಿಡಿ ಹಾರುತ್ತದೆ. ಆ ಮಿತಿಯೇ ಬ್ರೇಕ್‌ಡೌನ್ ವೋಲ್ಟೇಜ್.

ಅಂದಹಾಗೆ, ಅಮೆರಿಕದ ಬ್ಲೂಗ್ರಾಸ್ ಸಂಗೀತದಲ್ಲಿ ಬ್ಯಾಂಜೋ ಹಿಡಿದು ಭಾರಿ ವೇಗದಲ್ಲಿ ನುಡಿಸುವ ಒಂದು ಬಗೆಯ ವಾದನಕ್ಕೂ ಬ್ರೇಕ್‌ಡೌನ್ ಅಂತಾರೆ. ಅಲ್ಲಿ ಏನೂ ಕೆಟ್ಟಿರುವುದಿಲ್ಲ. ನಿಲ್ಲುವುದಂತೂ ಇಲ್ಲವೇ ಇಲ್ಲ.