ಬೆಲ್ಲದ ಮಂಡಿಯ ಬಿಲ್ ವಿಂಡೋಗೆ ಲೇಔಟ್ ಕೂರಿಸಿದ್ದು

ಮಂಡ್ಯದ ಎಪಿಎಂಸಿ ಯಾರ್ಡಿನ ಒಂದು ಬೆಲ್ಲದ ಮಂಡಿಗೆ ಬಿಲ್ ಪ್ರೋಗ್ರಾಂ ಬರೆದುಕೊಟ್ಟೆ. ಅಲ್ಲಿ ಮೊದಲೇ ಒಂದು ಇಂಗ್ಲಿಷ್ ಪ್ರೋಗ್ರಾಂ ಇತ್ತು. ಅದು ಕನ್ನಡದಲ್ಲಿ ಬರಬೇಕು, ಬೆಲ್ಲ ತಂದ ರೈತರೂ ಪರದೆ ನೋಡಿ ತೂಕ, ದರ ಓದಿಕೊಳ್ಳಬೇಕು ಅನ್ನುವುದು ಯಜಮಾನರ ಆಸೆ. ಪದ ಬದಲಿಸಿದರೆ ಕೆಲಸ ಮುಗಿಯಿತು ಅಂತ ಅವರು ಅಂದುಕೊಂಡಿದ್ದರು. ಪದ ಬದಲಿಸಿದ ಕೂಡಲೇ ವಿಂಡೋ ಕೆಟ್ಟು ಹೋಯಿತು.

ಹಳೆಯ ಪ್ರೋಗ್ರಾಮಿನಲ್ಲಿ ಪ್ರತಿ ಲೇಬಲ್ಲಿಗೂ ಜಾಗ ಪಿಕ್ಸೆಲ್ ಲೆಕ್ಕದಲ್ಲಿ ಬರೆದಿತ್ತು. ಎಡದಿಂದ ಇಷ್ಟು, ಮೇಲಿನಿಂದ ಇಷ್ಟು, ಅಗಲ 80, ಎತ್ತರ 18. 'ನೆಟ್' ಅನ್ನುವ ಪದಕ್ಕೆ ಅಳೆದ ಜಾಗದಲ್ಲಿ 'ನಿವ್ವಳ ತೂಕ' ಹಿಡಿಯುವುದಿಲ್ಲ. ಅದಕ್ಕಿಂತ ಜಾಸ್ತಿ ತೊಂದರೆ ಎತ್ತರದ್ದು. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಎತ್ತರ ಸಾಲದಿದ್ದರೆ ಕತ್ತರಿಸಿ ಹೋಗುವುದು ಅದೇ. 'ಅಚ್ಚು' ಹೋಗಿ 'ಅಚು' ಆಯಿತು, 'ಒಟ್ಟು' ಹೋಗಿ 'ಒಟು' ಆಯಿತು. ದುಡ್ಡಿನ ಲೆಕ್ಕ ತೋರಿಸುವ ಪರದೆಯಲ್ಲಿ ಇದನ್ನು ನಾನು ಒಪ್ಪುವುದಿಲ್ಲ.

ಹಾಗಾಗಿ ಪಿಕ್ಸೆಲ್ ತಿದ್ದುವ ಕೆಲಸಕ್ಕೇ ಕೈ ಹಾಕಲಿಲ್ಲ. ಯಾವುದು ಯಾವುದರ ಪಕ್ಕ, ಯಾವುದು ಬೆಳೆಯಬೇಕು, ಯಾವುದು ಬೆಳೆಯಬಾರದು ಅನ್ನುವುದನ್ನಷ್ಟೇ ಹೇಳಿ, ಅಳತೆಯನ್ನು ಟೂಲ್‌ಕಿಟ್ಟಿಗೇ, ಅಂದರೆ ವಿಂಡೋ, ಬಟನ್ ಕಟ್ಟಿಕೊಡುವ ಸಿದ್ಧ ಕೋಡಿಗೇ, ಬಿಡಬೇಕು ಅಂತ ಶುರುವಿನಲ್ಲೇ ತೀರ್ಮಾನಿಸಿದೆ. ಈ ಜೋಡಣೆಗೇ ಲೇಔಟ್ ಅನ್ನುತ್ತಾರೆ.

ಪೈಥಾನ್ ಭಾಷೆಯ ಜೊತೆ ಬರುವ ಟಿಕಿಂಟರ್ ಅನ್ನುವ ಟೂಲ್‌ಕಿಟ್ ನನಗೆ ಚೆನ್ನಾಗಿ ಗೊತ್ತು. ಸಾಲು, ಕಾಲಂ ಲೆಕ್ಕದಲ್ಲಿ ಜೋಡಿಸುವ ಅದರ ಗ್ರಿಡ್ ನಿಜಕ್ಕೂ ಒಳ್ಳೆಯದು. ಆದರೆ ಮಂಡಿಯ ಕಂಪ್ಯೂಟರಿನಲ್ಲಿದ್ದದ್ದು ಉಬುಂಟು ಲಿನಕ್ಸ್. ಲಿನಕ್ಸಿನಲ್ಲಿ ಟಿಕಿಂಟರಿನ ಒಳಗಿರುವ ಟಿಕೆ 8.6 ಕನ್ನಡದ ಒತ್ತು, ಗುಣಿತಗಳನ್ನು ಸರಿಯಾಗಿ ಜೋಡಿಸುವುದಿಲ್ಲ. ಅಲ್ಲಿಗೆ ಅದನ್ನು ಬಿಟ್ಟೆ. ಕ್ಯೂಟಿ ಟೂಲ್‌ಕಿಟ್ ಅಕ್ಷರ ಜೋಡಿಸಲು ಹಾರ್ಫ್‌ಬಜ್ ಅನ್ನುವ ಲೈಬ್ರರಿ ಬಳಸುತ್ತದೆ, ಕನ್ನಡ ಸರಿಯಾಗಿ ಮೂಡುತ್ತದೆ. ಕ್ಯೂಟಿಯನ್ನು ಪೈಥಾನಿನಿಂದ ಬಳಸಲು ಪೈಸೈಡ್6 ಹಿಡಿದುಕೊಂಡೆ.

ಕ್ಯೂಟಿಯಲ್ಲಿ ಪ್ರತಿ ವಿಜೆಟ್ಟೂ (ಲೇಬಲ್, ಬಟನ್, ಡಬ್ಬಿಯಂಥ ತುಂಡು) ತನಗೆ ಎಷ್ಟು ಜಾಗ ಬೇಕು ಅಂತ ತಾನೇ ಹೇಳುತ್ತದೆ. ಅದಕ್ಕೆ ಸೈಜ್ ಹಿಂಟ್ ಅನ್ನುತ್ತಾರೆ. ಲೇಬಲ್ಲಿನ ಸೈಜ್ ಹಿಂಟ್ ಅದರೊಳಗಿನ ಪದ ಮತ್ತು ಫಾಂಟ್ ನೋಡಿ ಬರುತ್ತದೆ. ಒಳಗಿನ ಲೇಔಟ್ ತನ್ನೊಳಗಿನ ವಿಜೆಟ್‌ಗಳ ಬೇಡಿಕೆ ಕೂಡಿಸಿ ಹೊರಗಿನದಕ್ಕೆ ಹೇಳುತ್ತದೆ. ಹೀಗೆ ಲೆಕ್ಕ ಕೆಳಗಿನಿಂದ ಮೇಲಕ್ಕೆ ಹೋಗಿ, ಆಮೇಲೆ ಜಾಗ ಮೇಲಿನಿಂದ ಕೆಳಕ್ಕೆ ಹಂಚಿಕೆಯಾಗುತ್ತದೆ. ಇಷ್ಟು ತಲೆಗೆ ಹೋದರೆ ಮಿಕ್ಕಿದ್ದೆಲ್ಲ ಸಲೀಸು. ರೈತರ ಹೆಸರು, ಊರು, ಬೆಲ್ಲದ ಬಗೆ, ತೂಕ, ದರ, ಹಮಾಲಿ, ಮುಂಗಡ ಎಲ್ಲವನ್ನೂ ಒಂದು ಫಾರ್ಮ್ ಲೇಔಟಿಗೆ ಹಾಕಿದೆ. ಎಡಗಡೆ ಲೇಬಲ್, ಬಲಗಡೆ ತುಂಬುವ ಡಬ್ಬಿ. ಅತಿ ಉದ್ದದ ಲೇಬಲ್ ನೋಡಿಕೊಂಡು ಎಡಗಡೆಯ ಅಗಲ ತಾನೇ ಹೊಂದಿಕೊಂಡಿತು.

ಟಿಕಿಂಟರಿನಿಂದ ಬಂದವರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಜಾಗದಲ್ಲಿ ಯಾವುದಕ್ಕೆ ಎಷ್ಟು ಪಾಲು ಅಂತ ಹೇಳುವ ಅಲ್ಲಿನ ವೆಯ್ಟ್, ಇಲ್ಲಿನ ಸ್ಟ್ರೆಚ್ ಎರಡೂ ಒಂದೇ ಅಲ್ಲ. ತಲಾ 100 ಪಿಕ್ಸೆಲ್ ಕೇಳುವ ಎರಡು ಕಾಲಂ ಇವೆ, ವಿಂಡೋ ಅಗಲ 500, ಪಾಲು 1 ಮತ್ತು 3 ಅಂತ ಇಟ್ಟುಕೊಳ್ಳಿ. ನಡುವಿನ ಅಂತರ ಲೆಕ್ಕಕ್ಕೆ ಬೇಡ. ಟಿಕೆ ಕೇಳಿದ್ದನ್ನು ಮೊದಲು ಕೊಟ್ಟು, ಉಳಿದ 300ನ್ನು ಮಾತ್ರ ಹಂಚುತ್ತದೆ. 175 ಮತ್ತು 325 ಸಿಗುತ್ತದೆ. ಕ್ಯೂಟಿ ಇಡೀ 500ನ್ನೇ ಆ ಪಾಲಿನಲ್ಲಿ ಹಂಚುತ್ತದೆ. 125 ಮತ್ತು 375. ಯಾರಿಗೂ ಕನಿಷ್ಠಕ್ಕಿಂತ ಕಡಿಮೆ ಕೊಡುವುದಿಲ್ಲ ಅಷ್ಟೇ. ಪರದೆ ಒಂದಕ್ಕೆ ಮೂರರಂತೆ ಕಾಣಬೇಕು ಅನ್ನುವವರಿಗೆ ಕ್ಯೂಟಿಯ ಕ್ರಮವೇ ಸರಿ ಅಂತ ನನ್ನ ಅಭಿಪ್ರಾಯ. ನಾನು ಎಡಗಡೆ ಫಾರ್ಮಿಗೆ 1, ಬಲಗಡೆ ಆ ದಿನದ ಬಿಲ್‌ಗಳ ಟೇಬಲ್ಲಿಗೆ 2 ಕೊಟ್ಟೆ.

ವಿಂಡೋ ಪೂರ್ತಿ ಹಿಗ್ಗಿಸಿದಾಗ ಸಾಲುಗಳು ದೂರ ದೂರ ಹೋಗುವುದು ಎಲ್ಲರೂ ಕೇಳುವ ಪ್ರಶ್ನೆ. ತುಂಬುವ ಡಬ್ಬಿ ಎತ್ತರಕ್ಕೆ ಬೆಳೆಯುವುದಿಲ್ಲ, ಲೇಬಲ್ ಬೆಳೆಯುತ್ತದೆ. ಮಿಕ್ಕ ಜಾಗ ಎಲ್ಲೋ ಹೋಗಲೇಬೇಕಲ್ವಾ? ಕೊನೆಯಲ್ಲಿ ಒಂದು ಖಾಲಿ ಸ್ಟ್ರೆಚ್ ಸೇರಿಸಿದರೆ ಅದು ಅಷ್ಟನ್ನೂ ನುಂಗಿಕೊಳ್ಳುತ್ತದೆ.

ಟೇಬಲ್ಲಿನಲ್ಲಿ ರೈತರ ಹೆಸರಿನ ಕಾಲಂ ಮಾತ್ರ ಹಿಗ್ಗುತ್ತದೆ, ಮಿಕ್ಕವು ಒಳಗಿರುವುದಕ್ಕೆ ತಕ್ಕಷ್ಟು. ಸಾಲಿನ ಎತ್ತರಕ್ಕೂ ಅದೇ ನಿಯಮ ಹಾಕಿದೆ. ಅದನ್ನು ಬಿಟ್ಟರೆ 'ಕುರಿಕಟ್ಟು' ಅನ್ನುವ ಬೆಲ್ಲದ ಬಗೆಯ ಹೆಸರಿನ ಒತ್ತು ಟೇಬಲ್ಲಿನಲ್ಲೂ ಕತ್ತರಿಸುವ ಅಪಾಯವಿದೆ. ತೂಕದ ಡಬ್ಬಿಯ ಅಗಲಕ್ಕೂ ಪಿಕ್ಸೆಲ್ ಬರೆಯಲಿಲ್ಲ. '99999.99' ಆ ಫಾಂಟಿನಲ್ಲಿ ಎಷ್ಟು ಅಗಲ ಅಂತ ಪ್ರೋಗ್ರಾಮಿನಲ್ಲೇ ಅಳೆಸಿ, ಸ್ವಲ್ಪ ಜಾಗ ಸೇರಿಸಿ ಕೊಟ್ಟೆ.

ಇದಕ್ಕೆಲ್ಲ ಮಂಡಿಯಲ್ಲೇ ಪರೀಕ್ಷೆ ಆಯಿತು. ಹಿರಿಯ ಗುಮಾಸ್ತರು ಪರದೆ ನೋಡಿ, "ಅಕ್ಷರ ವಸಿ ದಪ್ಪ ಮಾಡಪ್ಪ, ಕನ್ನಡಕ ಹಾಕಂಡ್ರೂ ಕಾಣಾಕಿಲ್ಲ" ಅಂದರು. ಫಾಂಟ್ ಸೈಜ್ ಇರುವ ಒಂದು ಸಾಲಿನಲ್ಲಿ 11ನ್ನು 15 ಮಾಡಿದೆ. ಲೇಬಲ್, ಡಬ್ಬಿ, ಬಟನ್, ಟೇಬಲ್ ಎಲ್ಲವೂ ಒಟ್ಟಿಗೆ ಹಿಗ್ಗಿದವು. ಒಂದು ಒತ್ತೂ ಕತ್ತರಿಸಲಿಲ್ಲ. ಆಗ ಆದ ಖುಷಿ ಹೇಳತೀರದು.

ಆ್ಯಪಲ್ 2011ರಲ್ಲಿ ಮ್ಯಾಕ್‌ಗೆ ತಂದ ಆಟೋ ಲೇಔಟ್ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಸಂಬಂಧಗಳನ್ನು ಸಮೀಕರಣಗಳಾಗಿ ಬರೆದರೆ ಕ್ಯಾಸೊವರಿ ಅನ್ನುವ ಅಲ್ಗಾರಿದಂ ಬಿಡಿಸುತ್ತದೆ. ಬಿಲ್ ಪರದೆಗೆ ಅಷ್ಟು ಬೇಕಿಲ್ಲ, ಡಬ್ಬಿಯೊಳಗೆ ಡಬ್ಬಿ ಸಾಕು.

ಅಕ್ಷರ ದಪ್ಪವಾದ ಮೇಲೆ ಒಂದು ಕೆಲಸ ಉಳಿಯಿತು. ಲೇಔಟ್ ತನ್ನ ಕನಿಷ್ಠ ಅಳತೆಗಿಂತ ವಿಂಡೋ ಕುಗ್ಗಲು ಬಿಡುವುದಿಲ್ಲ. ಮಂಡಿಯ ಮಾನಿಟರ್ 1366×768, ಹಾಗಾಗಿ ಕೆಳಗಿನ ಬಟನ್‌ಗಳು ಪರದೆಯಿಂದ ಆಚೆ ಹೋದವು. ಫಾರ್ಮನ್ನು ಸ್ಕ್ರಾಲ್ ಏರಿಯಾದೊಳಗೆ ಇಟ್ಟೆ. ಒಟ್ಟು ಮೊತ್ತ ಮತ್ತು ಪ್ರಿಂಟ್ ಬಟನ್ ಅದರ ಹೊರಗಿವೆ, ಫಾರ್ಮ್ ಎಷ್ಟೇ ಜರುಗಿದರೂ ಅವು ಕಾಣುತ್ತಲೇ ಇರುತ್ತವೆ.